ಬಿಸಿಲಿನ ಪಾಲು

"ಆ ಕಡೆ ಮನೆ ಯಾರ್ದು ಮಾರಾಯ್ರೆ?"

ಮೊಬೈಲನ್ನು ಅಂಗೈ ಮೇಲೆ ಮಲಗಿಸಿಕೊಂಡು ದಿಕ್ಕು ನೋಡುತ್ತಿದ್ದ ಪಾಲಾಕ್ಷ, ತಾರಸಿಯ ದಕ್ಷಿಣಕ್ಕೆ ಗದ್ದ ತೋರಿಸಿ ಕೇಳಿದ.

"ಯಾರ್ದೋ," ಅಂದರು ಮುರುಗೇಂದ್ರಪ್ಪ.

ಯಾರದೋ ಆಗಿರುವ ಸಾಧ್ಯತೆ ಕಡಿಮೆಯಿತ್ತು. ಎರಡೂ ಮನೆಯ ತಾರಸಿ ಒಂದೇ ಎತ್ತರ, ಎರಡಕ್ಕೂ ಒಂದೇ ಕಾಲದ ಗಾರೆ. ಬೀದಿ ಕಡೆಯ ಅಂಚಿಗಿದ್ದ ಬಳ್ಳಿಯ ಚಿತ್ತಾರ ಈ ಮನೆಯಲ್ಲಿ ಹುಟ್ಟಿ, ನಡುವೆ ಎದ್ದ ಮೊಣಕಾಲೆತ್ತರದ ಇಟ್ಟಿಗೆ ಗೋಡೆಗೆ ತಲೆ ಚಚ್ಚಿಕೊಂಡು, ಆ ಮನೆಯಲ್ಲಿ ಏನೂ ಆಗಿಲ್ಲವೆಂಬಂತೆ ಮುಂದುವರಿದಿತ್ತು. ಒಂದು ದೊಡ್ಡ ಮನೆಯನ್ನು ಯಾರೋ ಸೌತೆಕಾಯಿಯ ಹಾಗೆ ಉದ್ದಕ್ಕೆ ಸೀಳಿ, ರೈಲುಬೋಗಿಯಂಥ ಎರಡು ಮನೆ ಮಾಡಿದ್ದರು.

ಪಾಲಾಕ್ಷ ಗೋಡೆಯಾಚೆ ನೋಡುತ್ತಿದ್ದ. ಅಲ್ಲಿ ತಾರಸಿಯ ಉದ್ದಕ್ಕೂ ಪಿಲ್ಲರಿನ ಕಂಬಿಗಳು ಎದ್ದು ನಿಂತಿದ್ದವು. ಹೊಸವು, ಇನ್ನೂ ತುಕ್ಕು ಕಾಣದವು. ಮೂಲೆಯಲ್ಲಿ ಇಟ್ಟಿಗೆ ರಾಶಿ.

"ಅವ್ರು ಮಹಡಿ ಎಬ್ಬಿಸ್ತಾರೆ," ಅಂದ.

"ಎಬ್ಬಿಸ್ಲಿ. ಅವರ ಮನೆ, ಅವರಿಷ್ಟ."

"ಎಬ್ಬಿಸಿದ್ರೆ ನಿಮ್ಮ ಸೋಲಾರ್ ಪ್ಯಾನೆಲ್ ಮೇಲೆ ನೆರಳು ಬೀಳ್ತದೆ."

"ಬಿದ್ರೆ?"

"ಬಿದ್ರೆ ಏನೂ ಇಲ್ಲ ಮಾರಾಯ್ರೆ. ಪ್ಯಾನೆಲ್ಲು ಇರ್ತದೆ, ಬ್ಯಾಟ್ರಿ ಇರ್ತದೆ, ಕರೆಂಟು ಇರಲ್ಲ."

ಮುರುಗೇಂದ್ರಪ್ಪ ಮೊದಲ ಸಲ ದಕ್ಷಿಣಕ್ಕೆ ತಿರುಗಿ ನೋಡಿದರು. ಆಮೇಲೆ ತಲೆಯೆತ್ತಿ ಸೂರ್ಯನನ್ನು ನೋಡಲು ಹೋಗಿ ಕಣ್ಣು ಮುಚ್ಚಿಕೊಂಡರು. ಶಿವರಾತ್ರಿ ಇನ್ನೂ ಮುಂದಿತ್ತು, ಬಿಸಿಲು ಆಗಲೇ ಅಂಗಿಯೊಳಗೆ ಕೈ ಹಾಕುತ್ತಿತ್ತು. ಚಳ್ಳಕೆರೆಯಲ್ಲಿ ನೀರಿಗೆ ಬರ ಬಂದದ್ದು, ನೆರಳಿಗೆ ಬರ ಬಂದದ್ದು ಅವರು ಹುಟ್ಟಿದಾಗಿನಿಂದ ಕಂಡಿದ್ದರು. ಬಿಸಿಲಿಗೆ ಬರ ಬಂದೀತೆಂದು ಯಾರಾದರೂ ಹೇಳಿದ್ದರೆ ಅಂಥವರ ಜೊತೆ ವ್ಯಾಪಾರ ಮಾಡುತ್ತಿರಲಿಲ್ಲ.

ಆ ಮನೆ ಅವರ ತಮ್ಮ ಓಂಕಾರಮೂರ್ತಿಯದು.

ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದಾಗ ಶೇಂಗಾ ಪೇಟೆಯವರು ಅದನ್ನು ಮಾದರಿ ಪಾಲು ಅಂತ ಹೊಗಳಿದ್ದರು. ಏರುದನಿ ಇಲ್ಲ, ಪಂಚಾಯ್ತಿ ಇಲ್ಲ. ದೇವರ ಕೋಣೆ ತಮ್ಮನ ಪಾಲಿಗೆ ಹೋಯಿತು, ಅಡಿಗೆಮನೆ ಅಣ್ಣನ ಪಾಲಿಗೆ ಬಂತು; ಕೆಲವು ದಿನ ಆ ಕಡೆ ದೇವರು ಉಪವಾಸ, ಈ ಕಡೆ ಎಡೆಗೆ ದೇವರಿಲ್ಲ. ಬೇವಿನ ಮರಕ್ಕೆ, ಒರಳುಕಲ್ಲಿಗೆ, ಅಪ್ಪನ ಆರಾಮಕುರ್ಚಿಗೆ ಪಾಲು ಗೊತ್ತಾಯಿತು. ಬಿಸಿಲಿನ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಹಿರಿಯರು ಎತ್ತಿದವನ ತಲೆ ಮುಟ್ಟಿ ನೋಡುತ್ತಿದ್ದರು.

ಮಾತು ಬಿಟ್ಟದ್ದು ಪಾಲಿನಿಂದಲ್ಲ, ಲಗ್ನಪತ್ರಿಕೆಯಿಂದ. ಮುರುಗೇಂದ್ರಪ್ಪನವರ ಮಗಳು ದೀಪಿಕಾಳ ಮದುವೆಯಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ ಓಂಕಾರಮೂರ್ತಿಯ ಹೆಸರು ಬೀಗರ ದೂರದ ಷಡ್ಡಕರೊಬ್ಬರ ಹೆಸರಿನ ಕೆಳಗೆ ಬಿದ್ದಿತ್ತು. ಪ್ರೆಸ್ಸಿನವನ ತಪ್ಪು ಅಂತ ಅಣ್ಣ, ತಿದ್ದಿಸದ್ದು ಯಾರ ತಪ್ಪು ಅಂತ ತಮ್ಮ. ಓಂಕಾರಮೂರ್ತಿ ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟಕ್ಕೆ ಕೂರಲಿಲ್ಲ. ಈಗ ದೀಪಿಕಾಳ ಮಗ ಶಾಲೆಗೆ ಹೋಗುತ್ತಾನೆ.

ಮಾತು ಬಿಟ್ಟವರೂ ಮಾತಾಡಲೇಬೇಕಾದ ಸಂದರ್ಭಗಳು ಬರುತ್ತವೆ, ಅದಕ್ಕೆ ಮೂರನೆಯದೊಂದು ಜೀವ ಬೇಕು. ಒಬ್ಬರು ಅದಕ್ಕೆ ಹೇಳುವುದು, ಇನ್ನೊಬ್ಬರು ಕೇಳಿಸಿಕೊಳ್ಳುವುದು. ಸೊಪ್ಪು ಮಾರುವ ಯರ್ರಮ್ಮ ಬಹಳ ವರ್ಷ ಈ ಉದ್ಯೋಗ ಮಾಡಿದ್ದಳು. ಆಕೆ ಇಲ್ಲದ ಒಂದು ದಿನ ನಲ್ಲಿ ನೀರು ಬಂದಾಗ ಮುರುಗೇಂದ್ರಪ್ಪ ಬೀದಿಯಲ್ಲಿ ಹೋಗುತ್ತಿದ್ದ ಎಮ್ಮೆಯನ್ನು ನಿಲ್ಲಿಸಿ, "ನೀರು ಬಂದೈತಂತೆ ಕಣವ್ವ, ಹಿಡ್ಕಳ್ಳೋರು ಹಿಡ್ಕಳ್ಳಿ," ಅಂದಿದ್ದರು. ಎಮ್ಮೆ ಮುಂದೆ ಹೋಯಿತು. ಪಕ್ಕದ ಮನೆಯಲ್ಲಿ ಕೊಡ ಸದ್ದು ಮಾಡಿತು.

ಆದರೆ ಬಿಸಿಲು ಕೇಳುವುದು ನೀರು ಬಂತೆಂದು ಹೇಳಿದಷ್ಟು ಸಲೀಸಲ್ಲ.

"ಪ್ಯಾನೆಲ್ನ ಆ ಕಡೆ ಸರಿಸೋಕಾಗಲ್ಲೇನು?" ಉತ್ತರದ ಕಡೆ ಕೈ ಮಾಡಿದರು.

"ಆ ಕಡೆ ನಿಮ್ಮ ಮೆಟ್ಟಿಲ ರೂಮು, ನೀರಿನ ಟ್ಯಾಂಕಿ. ಇನ್ನೂ ಆ ಕಡೆ ಹೋದ್ರೆ ಪಕ್ಕದ ಸಂದಿ."

"ಎತ್ತರ ಮಾಡೋಕೆ?"

"ಮಾಡ್ಬಹುದು. ಅವ್ರೂ ಮಾಡ್ತಾರೆ."

ಪಾಲಾಕ್ಷ ಹತ್ತಿರದ ತಳಕು ಊರಿನವನು. ಕುಂದಾಪುರದ ಕಡೆ ಮನೆಮನೆಗೆ ಸೋಲಾರ್ ಕೂರಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು, ಕೈಯಲ್ಲಿ ಕಸುಬು, ಬಾಯಲ್ಲಿ 'ಮಾರಾಯ್ರೆ' ತಗೊಂಡು ವಾಪಸು ಬಂದಿದ್ದ. ಇದು ಅವನ ಸ್ವಂತ ಹೆಸರಿನ ಮೊದಲ ಕೆಲಸ. ಸಾಮಾನನ್ನೆಲ್ಲ ಅಲ್ಲಿಂದಲೇ ತರಿಸಿದ್ದ. ಮೊದಲ ದಿನ ಬಂದಾಗ ಒಂದು ಬೋಲ್ಟನ್ನು ಮುರುಗೇಂದ್ರಪ್ಪನವರ ಕೈಗಿಟ್ಟು, "ಇದು ಸಮುದ್ರದ ಉಪ್ಪಿನ ಗಾಳಿಗೂ ಜಪ್ಪಯ್ಯ ಅನ್ನಲ್ಲ," ಅಂದಿದ್ದ. "ನಮಗೆ ಉಪ್ಪಿನ ಗಾಳಿ ಎಲ್ಲಿಂದ ಬರ್ಬೇಕಪ್ಪ?" ಅಂದದ್ದಕ್ಕೆ, "ಬಂದ್ರೆ?" ಅಂದಿದ್ದ. ಆ ವಾದಕ್ಕೆ ಅವರು ತಲೆಯಾಡಿಸಿ ಒಪ್ಪಿದ್ದರು.

"ಅಲ್ಲಿ ಹಿಂಗೇ ಆಗ್ತಿತ್ತು," ಅಂದ ಈಗ. "ಪಕ್ಕದವರ ತೆಂಗಿನಮರ. ಒಂದೆರಡು ಗರಿ ಕಡೀರಿ ಅಂತ ಹೋಗಿ ಕೇಳ್ತಿದ್ವಿ. ನೀವೂ ಒಂದು ಮಾತು ಕೇಳಿ ನೋಡಿ. ತಾರಸಿ ಕೊರೆಯೋ ಮೊದ್ಲೇ ಕೇಳಿ."

ಮುರುಗೇಂದ್ರಪ್ಪ ಕೆಳಗಿಳಿದರು. ಇಳಿದವರು ನಡುಮನೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಪ್ಯಾನೆಲುಗಳನ್ನು ನೋಡಿದರು, ಚಪ್ಪಲಿ ಮೆಟ್ಟಿ ಬೀದಿಗೆ ಹೋದರು, ಬೇವಿನ ಮರದ ತನಕ ಹೋಗಿ ತಿರುಗಿ ಬಂದರು, ಚಪ್ಪಲಿ ಬಿಟ್ಟರು, ಮತ್ತೆ ಮೆಟ್ಟಿದರು.

"ಏನ್ರೀ ಅದು, ಕಾಲಿಗೆ ಇರುವೆ ಹತ್ತಿದಂಗೆ," ಅಂದರು ವೀರಮ್ಮ, ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತ. ಅಷ್ಟು ಹೇಳಿ ಒಮ್ಮೆ ನಿಲ್ಲಿಸಿ ಉಸಿರು ಎಳೆದುಕೊಂಡರು. "ಕೂತ್ಕಳ್ರಿ."

ಮುರುಗೇಂದ್ರಪ್ಪ ಕೂರಲಿಲ್ಲ. ಅವರಿಗೆ ಕೂರಲಾಗದೆ ಒಂದು ವರ್ಷವಾಗುತ್ತ ಬಂದಿತ್ತು.

ಹೋದ ಬೇಸಿಗೆಯಲ್ಲಿ ವೀರಮ್ಮನ ಉಸಿರು ಕೈಕೊಟ್ಟಿತ್ತು. ಬದುಕೆಲ್ಲ ಶೇಂಗಾ ಹಸನು ಮಾಡಿದ ಧೂಳು ಅಂತ ಒಬ್ಬ ಡಾಕ್ಟರು, ವಯಸ್ಸು ಅಂತ ಇನ್ನೊಬ್ಬರು. ಮಲಗುವಾಗ ಆಕ್ಸಿಜನ್ ಮಿಷನ್ನು ಹಾಕಲೇಬೇಕು ಅಂತ ಇಬ್ಬರೂ. ದಾವಣಗೆರೆಯಿಂದ ತಂದ ಮಿಷನ್ನು ಮಂಚದ ಪಕ್ಕ ಕೂತು ರಾತ್ರಿಯೆಲ್ಲ ಗುಂಯ್ಗುಡುತ್ತಿತ್ತು, ಅದರ ಬಾಟಲಿಯಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಕರೆಂಟು ಹೋದರೆ ನಿಲ್ಲುತ್ತಿತ್ತು. ಹಳೇ ಯುಪಿಎಸ್ಸೊಂದಿತ್ತು, ಅದು ಮಿಷನ್ನಿನ ಭಾರ ತಾಳುತ್ತಿರಲಿಲ್ಲ. ಸಿಲಿಂಡರೂ ಇತ್ತು. ಒಮ್ಮೆ ಅದು ಬರಿದಾಗಿದ್ದು ಕತ್ತಲಲ್ಲಿ ಗೊತ್ತಾಗಿ, ಕರೆಂಟು ಬರುವ ತನಕ ಮುರುಗೇಂದ್ರಪ್ಪ ದಿನಪತ್ರಿಕೆ ಮಡಿಚಿ ಹೆಂಡತಿಯ ಮುಖಕ್ಕೆ ಗಾಳಿ ಬೀಸಿದ್ದರು. ಅದರಿಂದ ಉಪಯೋಗವಿಲ್ಲವೆಂದು ಅವರಿಗೆ ಗೊತ್ತಿತ್ತು. ಬೀಸುವುದನ್ನು ನಿಲ್ಲಿಸಿದರೆ ಏನಾಗುತ್ತದೋ ಗೊತ್ತಿರಲಿಲ್ಲ.

ಈ ಬೇಸಿಗೆ ಹಾಗಾಗಬಾರದೆಂದು ಸೋಲಾರ್.

ತಮ್ಮನ ಬಾಗಿಲಿಗೆ ಹೋಗಿ, ನಿನ್ನ ಅತ್ತಿಗೆಗೆ ಉಸಿರಾಡಲು ಬಿಸಿಲು ಬೇಕು ಅಂದರೆ ಓಂಕಾರಮೂರ್ತಿ ಕಲ್ಲಲ್ಲ. ಆದರೆ ಅದೊಂದು ಮಾತನ್ನು ಹೇಳುವಂತಿರಲಿಲ್ಲ. ವೀರಮ್ಮ ಆಣೆ ಹಾಕಿಸಿದ್ದರು. ಓಂಕಾರಮೂರ್ತಿಯ ಮಗ ಮಹಾಂತೇಶನಿಗೆ ಹೆಣ್ಣು ಗೊತ್ತಾಗುತ್ತಿತ್ತು. ಹೆಣ್ಣಿನ ಕಡೆಯವರು ಬಂದು ಹೋಗಿ ಮಾಡುವ ಕಾಲ. ಪಾಲಾಗುವ ತನಕ ಆ ಹುಡುಗ ಉಂಡದ್ದು ವೀರಮ್ಮನ ಕೈಯಲ್ಲಿ.

"ಆ ಮನೆತನದಾಗೆ ದಮ್ಮಿನ ಕಾಯಿಲೆ ಐತಂತೆ ಅಂತ ಪ್ಯಾಟೆಯಾಗೆ ಒಬ್ಬ ಅಂದ್ರೆ ಸಾಕು," ಅಂದಿದ್ದರು.

"ನೀನು ಹೊರಗಿಂದ ಬಂದೋಳು ಕಣೆ. ನಿನ್ನ ಉಸಿರಿಗೂ ಅವನ ರಕ್ತಕ್ಕೂ ಏನು ಸಂಬಂಧ?"

"ಮದ್ವೆ ಮುರಿಯೋರು ರಕ್ತ ತಪಾಸ್ಣೆ ಮಾಡ್ತಾರೇನು?"

ಹಾಗಾಗಿ ಓಣಿಯವರಿಗೆ, ಓರಗಿತ್ತಿ ಶಿಲ್ಪಾಗೂ ಸೇರಿ, ವೀರಮ್ಮನಿಗೆ ಬಂದಿದ್ದು ಮಂಡಿನೋವು. ಅದಕ್ಕೇ ತಾರಸಿ ಹತ್ತುವುದಿಲ್ಲ. ಗುಂಯ್ಗುಡುವುದು ನೀರಿನ ಫಿಲ್ಟರು. ಅದನ್ನು ನಂಬಿದ ಎದುರುಮನೆಯಾಕೆ ಒಮ್ಮೆ ಒಂದು ಲೋಟ ಫಿಲ್ಟರು ನೀರು ಕೇಳಿ, ಕುಡಿದು, ಬಹಳ ಸಿಹಿ ಐತೆ ಅಂದು ಹೋಗಿದ್ದಳು.

"ಓಂಕಾರಿ ಮಹಡಿ ಕಟ್ತಾನಂತೆ?" ಅಂದರು ವೀರಮ್ಮ, ಸೊಪ್ಪಿನಿಂದ ತಲೆಯೆತ್ತದೆ. ತಾರಸಿಯ ಮಾತು ಮೆಟ್ಟಿಲ ಸಂದಿಯಿಂದ ಅಡಿಗೆಮನೆಗೆ ನೇರ ಬೀಳುತ್ತಿತ್ತು.

"ಕಟ್ತಾನಂತೆ."

"ಮಹಾಂತೇಶಿಗೆ. ಹೊಸ ಜೋಡಿಗೆ ಒಂದು ರೂಮು ಬ್ಯಾಡ್ವಾ? ಅದ್ರಾಗೆ ಅಡ್ಡಬಾಯಿ ಹಾಕ್ಬ್ಯಾಡ್ರಿ ನೀವು."

ಮುರುಗೇಂದ್ರಪ್ಪ ಮತ್ತೆ ಮೆಟ್ಟಿಲು ಹತ್ತಿದರು.

ಮೇಲೆ ಆಗಲೇ ಓಂಕಾರಮೂರ್ತಿ ಬಂದು ನಿಂತಿದ್ದರು, ಗೋಡೆಯಾಚೆ, ಬನಿಯನ್-ಪಂಚೆಯಲ್ಲಿ, ತಲೆಗೆ ಟವೆಲು. ಪಕ್ಕದ ತಾರಸಿಯಲ್ಲಿ ಏನೋ ಎದ್ದು ನಿಲ್ಲುತ್ತಿದೆಯೆಂದರೆ ನೋಡದಿರಲು ಅವರು ಸನ್ಯಾಸಿಯಲ್ಲ. ಅಣ್ಣ ಕಂಡ ಕೂಡಲೇ ಕಣ್ಣನ್ನು ಪಾಲಾಕ್ಷನ ಮೇಲೆ ನೆಟ್ಟರು.

"ಏನಪ್ಪಾ, ಏನು ಕೂರಿಸ್ತಿದೀಯ?"

"ಸೋಲಾರ್ ಸಾರ್. ಬ್ಯಾಟ್ರಿ ಸಮೇತ. ಉಪ್ಪಿನ ಗಾಳಿಗೂ ಏನಾಗಲ್ಲ."

"ಉಪ್ಪಿನ ಗಾಳಿ ನಮಗೆಲ್ಲಿಂದ ಬರ್ಬೇಕು?"

"ಬಂದ್ರೆ?"

ಓಂಕಾರಮೂರ್ತಿಯೂ ಆ ವಾದಕ್ಕೆ ತಲೆಯಾಡಿಸಿದರು. ಅಣ್ಣತಮ್ಮಂದಿರು ಹೋಲುತ್ತಿದ್ದ ಕೆಲವೇ ಜಾಗಗಳಲ್ಲಿ ಅದೊಂದು. "ಒಳ್ಳೇದು. ಇದ್ದೋರು ಮಾಡ್ಬೇಕಾದ್ದೇ."

ಮುರುಗೇಂದ್ರಪ್ಪ ಟ್ಯಾಂಕಿಯ ಕಡೆ ನೋಡುತ್ತ, "ಇದ್ದೋರು ಇಲ್ದೋರು ಅನ್ನೋ ಪ್ರಶ್ನೆ ಅಲ್ಲ ಅಂತ ಹೇಳಪ್ಪ ಅವರಿಗೆ," ಅಂದರು.

ಪಾಲಾಕ್ಷ ಇಬ್ಬರನ್ನೂ ನೋಡಿದ. ಕೈ ಚಾಚಿದರೆ ಒಬ್ಬರ ಟವೆಲನ್ನು ಇನ್ನೊಬ್ಬರು ಎಳೆಯಬಹುದಿತ್ತು.

"ಆ ಪ್ರಶ್ನೆ ಅಲ್ವಂತೆ ಸಾರ್."

"ಕೇಳಿಸ್ತು."

"ಕೇಳಿಸ್ತಂತೆ ಸಾರ್."

"ಎಷ್ಟು ಎತ್ತರ ಕಟ್ತಾರೆ ಕೇಳು," ಅಂದರು ಮುರುಗೇಂದ್ರಪ್ಪ.

"ಹತ್ತಡಿ ಅನ್ನು."

"ಒಂದಿಷ್ಟು ಕಮ್ಮಿ ಮಾಡೋಕಾಗಲ್ವಾ ಕೇಳು."

"ಮದುಮಕ್ಕಳು ಬಗ್ಗಿಕೊಂಡು ಓಡಾಡ್ಬೇಕಾ ಕೇಳು."

ಪಾಲಾಕ್ಷ ಬಾಯಿ ತೆರೆಯುವಷ್ಟರಲ್ಲಿ ಮಾತು ಅವನನ್ನು ದಾಟಿ ಹೋಗಿರುತ್ತಿತ್ತು. ಆದರೂ ಅವನಿಲ್ಲದೆ ಅದು ದಾಟುತ್ತಿರಲಿಲ್ಲ. ಟೇಪು ಸುತ್ತಿ ಜೇಬಿಗಿಟ್ಟು, ಇಬ್ಬರ ನಡುವೆ ಸರಿಯಾಗಿ ನಿಂತುಕೊಂಡ.

"ಬೀದಿ ಕಡೆ ಒಂದೇ ರೂಮು ಕಟ್ಟಿದ್ರೆ ನಮಗೆ ತೊಂದರೆ ಇಲ್ಲ ಅನ್ನು," ಅಂದರು ಮುರುಗೇಂದ್ರಪ್ಪ. "ಉದ್ದಕ್ಕೂ ಎಬ್ಬಿಸಿದ್ರೆ ನಮ್ಮ ಬಿಸಿಲು ಹೋಗ್ತೈತೆ."

ಓಂಕಾರಮೂರ್ತಿ ನಕ್ಕರು. "ನಮ್ಮ ಬಿಸಿಲು! ಪಾಲಿನಾಗೆ ಬರೆದಿತ್ತೇನಪ್ಪಾ ಬಿಸಿಲು? ಹೆಣ್ಣಿನೋರು ರೂಮು ನೋಡ್ಕಂಡು ಮುಂದಿನ ಮಾತು ಅಂದವ್ರೆ. ಬೀದಿ ಕಡೆ ಕಟ್ಟೋಕೆ ವಾಸ್ತುನೋರು ಒಪ್ಪಲ್ಲ, ನೈರುತ್ಯ ಎತ್ತರ ಇರ್ಬೇಕಂತೆ. ಇದೆಲ್ಲಾ ಹೇಳು ಅವರಿಗೆ."

"ಇದೆಲ್ಲಾ—" ಅಂದ ಪಾಲಾಕ್ಷ.

"ಕೇಳಿಸ್ತು," ಅಂದರು ಮುರುಗೇಂದ್ರಪ್ಪ.

"ನೀವಿಬ್ರೂ ಸೇರಿ ಆ ಮಹಡಿ ಮೇಲೇ ಒಟ್ಟಿಗೆ ಕೂರಿಸಿದ್ರೆ ಹೆಂಗೆ ಸಾರ್?" ಅಂದ ಪಾಲಾಕ್ಷ. ಎರಡನೇ ಆರ್ಡರು ಇಷ್ಟು ಬೇಗ ಕಾಣಿಸುತ್ತದೆಂದು ಅವನು ಎಣಿಸಿರಲಿಲ್ಲ. "ನಿಮಗೂ ಆಯ್ತು, ಅವರಿಗೂ ಆಯ್ತು."

ಇಬ್ಬರೂ ಅವನನ್ನು ನೋಡಿದ ರೀತಿಗೆ ಅವನು ಟೇಪನ್ನು ಮತ್ತೆ ಹೊರತೆಗೆದು ಯಾವುದೋ ಇಟ್ಟಿಗೆಯನ್ನು ಅಳೆಯತೊಡಗಿದ.

ಓಂಕಾರಮೂರ್ತಿ ತಲೆಯ ಟವೆಲು ಬಿಚ್ಚಿ ಕುತ್ತಿಗೆ ಒರೆಸಿಕೊಂಡರು. "ಅಲ್ಲಪ್ಪಾ, ಇಬ್ರಿರೋ ಮನೆ. ಎರಡು ಲೈಟು, ಒಂದು ಫ್ಯಾನು. ಅಷ್ಟು ದೊಡ್ಡ ಬ್ಯಾಟ್ರಿ ಯಾತಕ್ಕೆ ಅಂತ ಕೇಳು. ಒಂದು ಕಾರಣ ಹೇಳ್ಲಿ."

ಇದೇ ಪ್ರಶ್ನೆ. ಮುರುಗೇಂದ್ರಪ್ಪನವರ ಗಂಟಲಲ್ಲಿ ಉತ್ತರ ಇತ್ತು; ಅದರ ಮೇಲೆ ಆಣೆ ಕೂತಿತ್ತು. ಅವರು ಟ್ಯಾಂಕಿಯಿಂದ ಕಂಬಿಗೆ, ಕಂಬಿಯಿಂದ ತಮ್ಮ ಕಾಲಬೆರಳಿಗೆ ನೋಡಿದರು. ಪಾಲಾಕ್ಷನಿಗೂ ಉತ್ತರ ಗೊತ್ತಿತ್ತು. ಯಾವ ಯಾವ ಮಿಷನ್ನಿಗೆ ಎಷ್ಟು ಕರೆಂಟು ಅಂತ ಮೀಟರು ಹಿಡಿದು ಓಡಾಡುವಾಗ, ಫಿಲ್ಟರಿನಿಂದ ಹೊರಟ ಪೈಪು ದಿಂಬಿನ ಕೆಳಗೆ ಹೋಗಿದ್ದನ್ನು ಕಂಡಿದ್ದ. ಕಂಡರೂ ಕೇಳಿರಲಿಲ್ಲ.

"ನೀರಿನ ಫಿಲ್ಟರು ಉಂಟು ಸಾರ್," ಅಂದ. "ರಾತ್ರಿಯಿಡೀ ಓಡ್ಬೇಕು."

"ರಾತ್ರಿಯಿಡೀ ನೀರು ಕುಡೀತಾರಾ ಕೇಳು!"

ಪಾಲಾಕ್ಷ ಟೇಪನ್ನು ಎಳೆದು ಬಿಟ್ಟ. ಬಂದ ಉತ್ತರ ಸುಳ್ಳೆಂದು ಓಂಕಾರಮೂರ್ತಿಗೆ ಗೊತ್ತಾಯಿತು. ಯಾವ ಸುಳ್ಳೆಂದು ಗೊತ್ತಾಗಲಿಲ್ಲ. ಅವರು ತಮಗೆ ಗೊತ್ತಿದ್ದ ಒಂದೇ ಹಳೆಯ ಕಾರಣಕ್ಕೆ ಹೋದರು. ದನಿ ಏರಿತು.

"ಅವತ್ತು ಕಾರ್ಡಿನಾಗೆ ನನ್ನ ಹೆಸರು ಕೆಳಗೆ ಹಾಕಿದ್ರು. ಈಗ ನನ್ನ ಮನೇನೂ ಕೆಳಗೇ ಇರ್ಬೇಕಂತಾ, ಕೇಳಪ್ಪಾ ಅವರ್ನ. ಇಡೀ ಊರಿಗೆ ಬೀಳೋ ಬಿಸಿಲು. ಅದೂ ನಾನು ಬಿಟ್ಟುಕೊಡ್ಬೇಕಾ ಕೇಳು!"

ಪಾಲಾಕ್ಷ ಇದನ್ನು ದಾಟಿಸಲಿಲ್ಲ.

ಆಗ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಹೆಜ್ಜೆ. ಸುಮಾರು ಹೊತ್ತಿನ ಮೇಲೆ ಇನ್ನೊಂದು. ಹೆಜ್ಜೆಗಿಂತ ಮೊದಲು ಉಸಿರು ಬರುತ್ತಿತ್ತು, ಒಣಗಿದ ಬಾಗಿಲನ್ನು ತಳ್ಳಿ ಎಳೆದಂತೆ.

"ಬರ್ಬ್ಯಾಡ ಕಣೇ!" ಅಂತ ಮುರುಗೇಂದ್ರಪ್ಪ ಮೆಟ್ಟಿಲ ಕಡೆ ಓಡಿದರು. ಅಷ್ಟರಲ್ಲಿ ವೀರಮ್ಮನ ನರೆತ ತಲೆ, ಆಮೇಲೆ ಬಾಗಿಲಚೌಕಟ್ಟು ಹಿಡಿದ ಕೈ ಕಾಣಿಸಿತು. ಗಂಡನ ಕೈಯನ್ನು ಪಕ್ಕಕ್ಕೆ ಸರಿಸಿ ತಾರಸಿಗೆ ಕಾಲಿಟ್ಟರು. ನೇರ ಮೈದುನನ ಕಡೆ ನಡೆದರು. ತುಟಿ ನೀಲಿಗಟ್ಟಿತ್ತು. ಏನೋ ಹೇಳಲು ಬೆರಳೆತ್ತಿದರು, ಮಾತು ಬರಲಿಲ್ಲ, ಬೆರಳು ಅಲ್ಲೇ ನಿಂತಿತು.

ಕೂರಲು ಆ ತಾರಸಿಯಲ್ಲಿ ಏನೂ ಇರಲಿಲ್ಲ. ಪ್ಯಾನೆಲ್ ಕೂರಿಸುವ ಕಬ್ಬಿಣದ ಚೌಕಟ್ಟುಗಳು ಕಾದು ಬೆಂಕಿಯಾಗಿದ್ದವು. ನೆರಳಿನ ತುಣುಕೂ ಇಲ್ಲದ ಜಾಗ ಅಂತಲೇ ಪಾಲಾಕ್ಷ ಅದನ್ನು ಮೆಚ್ಚಿದ್ದು. ವೀರಮ್ಮ ಕೈಯಾಡಿಸಿ ನಡುಗೋಡೆಯನ್ನು ಹುಡುಕಿ, ಅದರ ಮೇಲೆ, ತಮ್ಮ ಮನೆಯ ಕಡೆ ಕಾಲು ಬಿಟ್ಟು ಕುಸಿದು ಕೂತರು. ಬೆನ್ನು ಓಂಕಾರಮೂರ್ತಿಯ ಕಡೆಗಿತ್ತು. ಆ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ರವಿಕೆಯ ಹೊಲಿಗೆ ಬಿಗಿಯಾಗಿ ಸಡಿಲವಾಗುತ್ತಿತ್ತು.

"ಕಟ್ಕಳ್ಳಿ," ಅಂದರು ವೀರಮ್ಮ, ಗಂಡನಿಗೆ. ಉಸಿರು. "ಬಿಡ್ರಿ. ಮಹಾಂತೇಶಿ—" ಉಸಿರು. "ರೂಮು. ಕಟ್ಕಳ್ಳಿ ಅವ್ನು."

"ಅತ್ತಿಗೇ," ಅಂದರು ಓಂಕಾರಮೂರ್ತಿ.

ವೀರಮ್ಮ ತಿರುಗದೆ, ತಾಳು ಅನ್ನುವಂತೆ ಕೈಯೆತ್ತಿದರು. ಪಾಲಾಕ್ಷ ಟೇಪನ್ನು ಅಲ್ಲೇ ಬಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತ ನೀರು ತರಲು ಕೆಳಗೆ ಓಡಿದ.

ಓಂಕಾರಮೂರ್ತಿ ಆ ಬೆನ್ನನ್ನು ನೋಡುತ್ತ ನಿಂತರು. ಅವರು ಹೈಸ್ಕೂಲಿನಲ್ಲಿದ್ದಾಗ ಈ ಮನೆಗೆ ಸೊಸೆಯಾಗಿ ಬಂದಾಕೆ. ಶೇಂಗಾ ಚೀಲಗಳ ನಡುವೆ ಓಡಾಡಿಕೊಂಡೇ ಎಲ್ಲರನ್ನೂ ಗದರುತ್ತಿದ್ದಾಕೆ. ಆ ದನಿ ಪೇಟೆಯ ತನಕ ಕೇಳುತ್ತಿತ್ತು. ಮಂಡಿನೋವಂತೆ ಅಂತ ಶಿಲ್ಪಾ ಹೇಳಿದ್ದಳು. ಗೋಡೆಯಾಚೆಯಿಂದ ರಾತ್ರಿ ಬರುವ ಗುಂಯ್ ಸದ್ದಿಗೆ ತಾವು ಎಷ್ಟೋ ಸಲ ಹಾಸಿಗೆಯಲ್ಲೇ ಬೈದುಕೊಂಡಿದ್ದರು.

"ಯಾವಾಗ್ನಿಂದ ಹಿಂಗೆ ಅಂತ ಕೇಳಪ್ಪಾ," ಅಂದರು, ಪಾಲಾಕ್ಷ ನಿಂತಿದ್ದ ಜಾಗಕ್ಕೆ. ಅಲ್ಲಿ ಯಾರೂ ಇರಲಿಲ್ಲ.

"ಹೋದ ಯುಗಾದಿಯಿಂದ," ಅಂದರು ಮುರುಗೇಂದ್ರಪ್ಪ.

ಗಾಳಿ ಇರಲಿಲ್ಲ. ಎಣ್ಣೆ ಮಿಲ್ಲಿನ ಕಡೆಯಿಂದ ಹಿಂಡಿಯ ವಾಸನೆ ಬಂದು ತಾರಸಿಯ ಮೇಲೆ ನಿಂತುಬಿಟ್ಟಿತ್ತು. ವೀರಮ್ಮನ ಕೆನ್ನೆಯಿಂದ ಇಳಿದ ಬೆವರು ಗದ್ದದಲ್ಲಿ ಹನಿಯಾಗಿ ಬಿಸಿಲಿಗೆ ಹೊಳೆಯಿತು. ಓಂಕಾರಮೂರ್ತಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೆ ಹತ್ತಿರ ಬಂದರು, ಅತ್ತಿಗೆಯ ಬೆನ್ನಿಗೆ ತಾಗುವಷ್ಟು ಹತ್ತಿರ ಬಂದು, ತಾಗದೆ, ಸೂರ್ಯನಿಗೆ ಅಡ್ಡವಾಗಿ ನಿಂತರು. ಅವರ ನೆರಳು ವೀರಮ್ಮನ ತಲೆ, ಹೆಗಲು, ಮಡಿಲ ಮೇಲೆ ಬಿತ್ತು. ವೀರಮ್ಮ ಕಣ್ಣು ಮುಚ್ಚಿದರು.

ಮುರುಗೇಂದ್ರಪ್ಪ ಹೆಂಡತಿಯ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು.

ನೀರಿನ ಚೊಂಬು ಹಿಡಿದು ಬಂದ ಪಾಲಾಕ್ಷ ಕೊನೆಯ ಮೆಟ್ಟಿಲಲ್ಲೇ ನಿಂತ.  ಉಸಿರು ಏರಿ ಇಳಿಯುತ್ತ, ಬಹಳ ಹೊತ್ತಿನ ಮೇಲೆ, ತುಸು ಉದ್ದವಾಯಿತು. ಬಿಸಿಲು ನಿಧಾನಕ್ಕೆ ಸರಿದು ವೀರಮ್ಮನ ಎಡಗಿವಿಯ ಬೆಂಡೋಲೆಯ ಮೇಲೆ ಬಂದಾಗ, ಓಂಕಾರಮೂರ್ತಿ ಅರ್ಧ ಹೆಜ್ಜೆ ಎಡಕ್ಕೆ ಸರಿದು ನಿಂತರು.